ಕೊಡಗಿನ ಮಳೆಗಾಲಕ್ಕೆ ಮನೆ ಸಜ್ಜು ಮಾಡುವುದು: ಮಾಡಿನಿಂದ ಬೀರುವಿನ ತನಕ

ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆ ಮನೆ ಇರುವವರಿಗೆ ಜುಲೈ ತಿಂಗಳ ವಾಸನೆ ಯಾರೂ ಹೇಳಿಕೊಡಬೇಕಿಲ್ಲ. ಬೀರು ತೆರೆದರೆ ಮುಗ್ಗಲು. ಚಪ್ಪಲಿ ಮೇಲೆ ಹಸಿರು ಬೂಷ್ಟು. ಗೋಡೆ ಮುಟ್ಟಿದರೆ ಕೈಗೆ ತಣ್ಣಗೆ ಅಂಟುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಕುಶಾಲನಗರದ ಕಡೆ ಇಷ್ಟು ಕಷ್ಟ ಇಲ್ಲ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚು.

ಇಷ್ಟು ಮಳೆ ಬೀಳುವ ಊರಿನಲ್ಲಿ ಬಹಳ ಜನ ಮಾಡುವ ಕೆಲಸ ಒಂದೇ: ಮೇ ತಿಂಗಳಲ್ಲಿ ಗೋಡೆಗೆ ಹೊಸ ಬಣ್ಣ ಬಳಿಯುವುದು. ಆಗಸ್ಟ್ ಹೊತ್ತಿಗೆ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ. ನಾನು ಹೇಳುವುದು ಇಷ್ಟೇ. ಮೊದಲು ನೀರು ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡಿ, ಆಮೇಲೆ ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಮಾಡಿಕೊಡಿ. ಬಣ್ಣ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ದುಡ್ಡು ಮಳೆಗೇ ಹೋಯಿತು ಅಂತ ಲೆಕ್ಕ.

ಶುರು ಮಾಡುವುದು ಯಾವಾಗ

ರೊಬಸ್ಟಾ ಕಾಫಿ ಕೊಯ್ಲು, ಕರಿಮೆಣಸು ಎಲ್ಲ ಮುಗಿದು ಕೈ ಬಿಡುವಾಗುವುದು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ. ಅಷ್ಟರಲ್ಲಿ ಹೂಮಳೆಯೂ ಬಂದಿರುತ್ತದೆ. ಕಾಫಿ ಹೂ ಅರಳಿಸುವ ಈ ಮಳೆ ಮನೆಗೂ ಒಂದು ಉಪಕಾರ ಮಾಡುತ್ತದೆ. ಮಾಡು, ಅಂದರೆ ಮನೆಯ ಛಾವಣಿ, ಎಲ್ಲಿ ಸೋರುತ್ತದೆ ಅಂತ ಜೂನ್‌ಗೆ ಮೊದಲೇ ತೋರಿಸಿಕೊಡುತ್ತದೆ. ಹೂಮಳೆ ಬಿದ್ದ ದಿನ ಒಂದು ಟಾರ್ಚು, ಒಂದು ಸೀಮೆಸುಣ್ಣ ಹಿಡಿದು ಅಟ್ಟ ಹತ್ತಿ. ನೀರು ಒಸರುವ ಕಡೆ ರೀಪಿನ (ಹೆಂಚು ಕೂರುವ ಮರದ ಪಟ್ಟಿಯ) ಮೇಲೆ ಗುರುತು ಹಾಕಿ. ಒಂದು ವಿಷಯ ನೆನಪಿರಲಿ, ನೀರು ತೊಟ್ಟಿಕ್ಕುವ ಜಾಗವೂ ಒಳಗೆ ಬರುವ ಜಾಗವೂ ಒಂದೇ ಆಗಿರುವುದಿಲ್ಲ. ಒಳಗೆ ಬಂದ ನೀರು ಪಕಾಸಿ (ರೀಪಿನಡಿಯ ಇಳಿಜಾರು ಮರ) ಹಿಡಿದು ಇಳಿದು, ಎರಡು ಮೂರು ಅಡಿ ಕೆಳಗೆ ಬೀಳುತ್ತದೆ. ಹಾಗಾಗಿ ಒದ್ದೆಯ ಗೆರೆ ಹಿಡಿದು ಮೇಲಕ್ಕೆ ನೋಡುತ್ತಾ ಹೋಗಿ.

ಮುಂಗಾರು ಇಲ್ಲಿಗೆ ಸಾಮಾನ್ಯವಾಗಿ ಜೂನ್ ಮೊದಲ ವಾರ ಮುಟ್ಟುತ್ತದೆ. ಮಾಡು, ಚರಂಡಿ, ಗೋಡೆ ಈ ಮೂರರ ಕೆಲಸ ಮೇ ಮಧ್ಯಕ್ಕೆ ಮುಗಿದಿರಲಿ. ಬಟ್ಟೆಬರೆ, ಬೀರು, ಕಾಗದಪತ್ರ ಮೇ ಕೊನೆಯ ವಾರಕ್ಕೆ ಇಟ್ಟುಕೊಳ್ಳಬಹುದು.

ಮಾಡು ಮತ್ತು ದೋಣಿ

ಮಂಗಳೂರು ಹೆಂಚಿನ ಮಾಡಾದರೆ ಬಿಸಿಲಿರುವ ಹಗಲಿನಲ್ಲಿ ಅಟ್ಟದ ಲೈಟ್ ಆರಿಸಿ ಮೇಲೆ ನೋಡಿ. ಜಾರಿದ ಅಥವಾ ಒಡೆದ ಹೆಂಚಿನ ಸಂದಿಯಲ್ಲಿ ಬೆಳಕು ಸೂಜಿಯಂತೆ ಇಳಿಯುತ್ತದೆ. ಜಾರಿದ ಹೆಂಚನ್ನು ಎಷ್ಟೋ ಸಲ ಒಳಗಿನಿಂದಲೇ ಎತ್ತಿ, ಅದರ ಕೊಕ್ಕೆ ಮತ್ತೆ ರೀಪಿಗೆ ಸಿಗುವಂತೆ ಕೂರಿಸಬಹುದು. ಒಡೆದದ್ದನ್ನು ಬದಲಾಯಿಸಲೇಬೇಕು. ಅಂಗಡಿಗೆ ಹೋಗುವಾಗ ಹಳೇ ಹೆಂಚೊಂದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಒಂದೊಂದು ಕಾರ್ಖಾನೆಯ ಹೆಂಚಿನ ಅಳತೆ ಒಂದೊಂದು ಥರ. ಕಾಲಿಂಚು ವ್ಯತ್ಯಾಸ ಇದ್ದರೂ ಪಕ್ಕದ ಹೆಂಚಿನ ಜೊತೆ ಕೂರುವುದಿಲ್ಲ.

ಮೇಲೆ ಹತ್ತುವ ಕೆಲಸ ಮಾತ್ರ ಅಭ್ಯಾಸ ಇದ್ದವರಿಗೇ ಬಿಡಿ. ಪಾಚಿ ಹಿಡಿದ ಹೆಂಚಿನ ಮೇಲೆ ಕಾಲು ನಿಲ್ಲುವುದಿಲ್ಲ. ಒಂದು ದಿನದ ಕೂಲಿ ಉಳಿಸಲು ಹೋಗಿ ಸೊಂಟ ಮುರಿದುಕೊಳ್ಳುವುದು ಬೇಡ.

ಎರಡು ಮಾಡು ಕೂಡುವ ಸಂದಿಯಲ್ಲಿ ತಗಡು ಹಾಕಿರುತ್ತಾರಲ್ವಾ, ಅಲ್ಲಿ ಸಿಲ್ವರ್ ಓಕ್ ಎಲೆ ಬಂದು ತುಂಬಿಕೊಳ್ಳುತ್ತದೆ. ತೋಟದ ನಡುವಿನ ಮನೆಯಲ್ಲಿ ಸೋರುವಿಕೆಗೆ ಬಹಳ ಸಲ ಇದೇ ಕಾರಣ. ಹೆಂಚಿಗೆ ಏನೂ ಆಗಿರುವುದಿಲ್ಲ. ಎಲೆ ಕಟ್ಟಿಕೊಂಡು ನೀರು ಹಿಂದಕ್ಕೆ ಹತ್ತಿರುತ್ತದೆ. ಮಾಡಿನ ನೀರು ಹಿಡಿದು ಸಾಗಿಸುವ ಸೂರಿನ ದೋಣಿಯ ಕಥೆಯೂ ಅದೇ. ಎಲೆ ಬಾಚಿ ತೆಗೆದ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ. ನೀರು ನಿಂತರೆ ದೋಣಿ ತಗ್ಗಿದೆ ಎಂದರ್ಥ. ಹತ್ತು ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಬರುವಂತೆ ಕ್ಲಾಂಪು ಎತ್ತಿ ಕಟ್ಟಿ. ಕೆಳಗಿಳಿಯುವ ಪೈಪಿನ ಬಾಯಿಗೆ ಕೋಳಿ ಗೂಡಿನ ಜಾಲರಿಯನ್ನು ಉಂಡೆ ಮಾಡಿ ಸಿಕ್ಕಿಸಿದರೆ ಎಲೆ ಒಳಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ತೆಗೆದು ಕೊಡವಿದರೆ ಸಾಕು.

ಮನೆ ಸುತ್ತ ನೀರು ಹರಿಯುವ ದಾರಿ

ಗೋಡೆಯ ಬುಡದಿಂದ ನೆಲ ಹೊರಗೆ ಇಳಿಜಾರಾಗಿರಬೇಕು. ಆರು ಅಡಿಗೆ ಮೂರು ಇಂಚು ಇಳಿದರೂ ಸಾಕು. ವರ್ಷ ವರ್ಷ ಹೂವಿನ ಪಾತಿಗೆ ಮಣ್ಣು, ಗೊಬ್ಬರ ಹಾಕಿ ಹಾಕಿ ಎಷ್ಟೋ ಮನೆಗಳಲ್ಲಿ ಇದು ತಿರುಗಿಬಿಟ್ಟಿರುತ್ತದೆ. ಮಣ್ಣು ತಳಪಾಯದ ಮೇಲಕ್ಕೆ ಬಂದಿದ್ದರೆ ಕೆರೆದು ತೆಗೆಯಿರಿ. ಗೋಡೆಗೆ ಒರಗಿಸಿ ಸೌದೆ ಪೇರಿಸಬೇಡಿ. ಅದು ತೇವವನ್ನು ಹಿಡಿದಿಡುತ್ತದೆ, ಗೆದ್ದಲಿಗೂ ಏಣಿ ಇಟ್ಟ ಹಾಗೆ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ, ನೀರು ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ಗಟ್ಟಿ ಪೊರಕೆಯಲ್ಲಿ ಉಜ್ಜಿ. ಆ ನೀರು ಮೀನಿನ ತೊಟ್ಟಿಗೆ, ಕೆರೆಗೆ, ಗಿಡದ ಬುಡಕ್ಕೆ ಹೋಗದಂತೆ ನೋಡಿಕೊಳ್ಳಿ.

ಮನೆ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ಇದ್ದರೆ ಅದರ ತಲೆಯ ಮೇಲಿನ ಚರಂಡಿ ಬಿಡಿಸುವುದು ಬಹಳ ಮುಖ್ಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಎಂದು ಇಲ್ಲಿ ಯಾರೂ ಮರೆತಿಲ್ಲ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಬರೆಯಿಂದ ಇದ್ದಕ್ಕಿದ್ದಂತೆ ಕೆಸರು ನೀರು ಕಂಡರೆ ಅದು ಮನೆಯವರು ಸರಿಮಾಡುವ ಕೆಲಸ ಅಲ್ಲ. ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ, ಜಿಲ್ಲಾಡಳಿತದ 1077ಕ್ಕೆ ಫೋನ್ ಮಾಡಿ.

ಗೋಡೆ: ಮೊದಲು ಪರೀಕ್ಷೆ, ಆಮೇಲೆ ಮದ್ದು

ಗೋಡೆ ಒದ್ದೆಯಾಗುವುದು ಮೂರು ದಾರಿಯಿಂದ. ಮೇಲಿನಿಂದ ಅಥವಾ ಹೊರಗಿನಿಂದ ಮಳೆ ನುಗ್ಗುವುದು, ನೆಲದಿಂದ ನೀರು ಮೇಲಕ್ಕೆ ಹೀರಿಕೊಳ್ಳುವುದು, ಮನೆಯೊಳಗಿನ ಹಬೆ ತಣ್ಣನೆಯ ಗೋಡೆ ಮೇಲೆ ನೀರಾಗಿ ಕೂರುವುದು. ಮೂರಕ್ಕೂ ಮದ್ದು ಬೇರೆ ಬೇರೆ.

ಗೊತ್ತು ಮಾಡಿಕೊಳ್ಳಲು ಒಂದು ಸುಲಭ ಉಪಾಯ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದು ಅಡಿ ಚೌಕ ಕತ್ತರಿಸಿ. ಗೋಡೆಯ ಆ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈಯಲ್ಲಿ ಹನಿ ಕೂತಿದ್ದರೆ ತೇವ ಕೋಣೆಯ ಗಾಳಿಯದು. ಹಾಳೆ ಬಿಚ್ಚಿದಾಗ ಒಳಮೈ ಒದ್ದೆಯಾಗಿದ್ದರೆ ಗೋಡೆಯೇ ನೀರು ಕುಡಿದಿದೆ. ಎರಡೂ ಕಡೆ ಒದ್ದೆ ಇದ್ದರೆ ಮೊದಲು ಗೋಡೆಯ ಕೆಲಸ.

ಗೋಡೆ ನೀರು ಕುಡಿದಿದ್ದರೆ ಹೊರಗೆ ಹೋಗಿ ಅದೇ ಜಾಗ ನೋಡಿ. ನಮ್ಮಲ್ಲಿ ಮುಂಗಾರು ನೈಋತ್ಯದಿಂದ ಬರುತ್ತದೆ. ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಎರಚಲು ಜಾಸ್ತಿ. ಕೂದಲೆಳೆಯಂಥ ಬಿರುಕಿದ್ದರೆ ಚಾಕುವಿನ ತುದಿಯಿಂದ ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಬಿರುಕು ತುಂಬುವ ಪೇಸ್ಟ್ ಒತ್ತಿ. ಅಗಲ ಮಾಡದೆ ಮೇಲೆ ಸವರಿದರೆ ಒಂದು ಬೇಸಿಗೆಗೇ ಉದುರುತ್ತದೆ. ಕಿಟಕಿ ಚೌಕಟ್ಟಿನ ಸುತ್ತಲಿನ ಸಂದಿಯನ್ನೂ ಬಿಡಬೇಡಿ. ಒದ್ದೆ ಬುಡದಿಂದ ಎರಡು ಮೂರು ಅಡಿ ತನಕ ಪಟ್ಟಿಯಂತೆ ಇದ್ದು, ಅಲ್ಲಿ ಬಿಳಿ ಉಪ್ಪು ಏಳುತ್ತಿದ್ದರೆ ಅದು ನೆಲದ ನೀರು. ಹೊರಗಿನ ಮಣ್ಣು ಇಳಿಸಿ ಚರಂಡಿ ಸರಿಮಾಡಿ. ಒಳಗಿನಿಂದ ನೀರು ಬಿಡದ ಬಣ್ಣ ಬಳಿದರೆ ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ, ಅಷ್ಟೇ.

ಹಳೇ ಮಣ್ಣಿನ ಗೋಡೆ, ಗಾರೆ ಗೋಡೆ, ಐನ್‌ಮನೆಗಳ (ಕೊಡವರ ಹಿರಿಯರ ಕಾಲದ ಕುಟುಂಬದ ಮನೆಗಳ) ದಪ್ಪ ಗೋಡೆಗೆ ನಾನು ಇವತ್ತಿಗೂ ಸುಣ್ಣವನ್ನೇ ಹೇಳುವುದು. ಸುಣ್ಣದ ಖಾರಕ್ಕೆ ಬೂಷ್ಟು ಬದುಕುವುದಿಲ್ಲ. ಗೋಡೆಯೊಳಗಿನ ತೇವ ಹೊರಗೆ ಬರಲು ಅದು ಅಡ್ಡಿ ಮಾಡುವುದೂ ಇಲ್ಲ. ಅರಳಿದ ಸುಣ್ಣ ಒಂದು ಕಿಲೋಗೆ ಐದು ಲೀಟರ್ ನೀರು. ಹಿಂದಿನ ದಿನವೇ ನೆನೆಸಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ. ಗೋಡೆಗೆ ಮೊದಲು ನೀರು ಚಿಮುಕಿಸಿ, ಆಮೇಲೆ ತೆಳ್ಳಗೆ ಮೂರು ಸಲ ಬಳಿಯಿರಿ. ಒಂದೊಂದು ಬಳಿತವೂ ಒಣಗಿದ ಮೇಲೆ ಇನ್ನೊಂದು. ದಪ್ಪ ಬಳಿದರೆ ಸಿಪ್ಪೆ ಏಳುತ್ತದೆ. ಅಂಟಿಗೆ ಅಂತ ಕೆಲವರು ಗಂಜಿ ಸೇರಿಸುತ್ತಾರೆ. ಬಯಲುಸೀಮೆಯಲ್ಲಿ ಸರಿ, ಇಲ್ಲಿ ಬೇಡ. ಗಂಜಿ ಬೂಷ್ಟಿಗೆ ಊಟ. ತೋಟಕ್ಕೆ ರೋಗದ ಮದ್ದಾಗಿ ಬೋರ್ಡೋ ದ್ರಾವಣ ಹೊಡೆದು ಉಳಿದ ಮೈಲುತುತ್ತ ಸುಣ್ಣಕ್ಕೆ ಹಾಕುವ ರೂಢಿಯೂ ಇದೆ. ಅದು ವಿಷ, ಮಕ್ಕಳು ಗೋಡೆ ಮುಟ್ಟುವ ಕಡೆ ಬೇಡವೇ ಬೇಡ. ಸುಣ್ಣ ಬಳಿಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಪ್ಲಾಸ್ಟಿಕ್ ಪೇಂಟ್ ಅಥವಾ ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ ಎನ್ನುವುದೂ ಗಮನದಲ್ಲಿರಲಿ.

ಬೂಷ್ಟು ತೊಳೆಯುವುದು

ಒಣಗಿದ ಬೂಷ್ಟನ್ನು ಪೊರಕೆಯಲ್ಲಿ ಗುಡಿಸಬೇಡಿ. ಅದರ ಪುಡಿ ಮನೆಯೆಲ್ಲ ಹಾರಿ ಇನ್ನೊಂದು ಕಡೆ ಬೆಳೆಯುತ್ತದೆ. ಉಬ್ಬಸ ಇರುವವರಿಗಂತೂ ತೊಂದರೆ. ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಹಾಕಿ, ಕಿಟಕಿ ತೆರೆದು ಕೆಲಸ ಶುರು ಮಾಡಿ. ಮೊದಲು ಸೋಪಿನ ನೀರು ಸಿಂಪಡಿಸಿ ಬೂಷ್ಟನ್ನು ನೆನೆಸಿ. ಹಳೇ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆ ಬಟ್ಟೆ ಮತ್ತೆ ಬೇಡ, ಕವರಿನಲ್ಲಿ ಕಟ್ಟಿ ಎಸೆಯಿರಿ.

ಬಳಿದ ಗೋಡೆ ಮೇಲೆ ಕಪ್ಪು ಕಲೆ ಉಳಿದಿದ್ದರೆ, ಒಂದು ಲೀಟರ್ ನೀರಿಗೆ ದೊಡ್ಡ ಚಮಚ ಬ್ಲೀಚಿಂಗ್ ಪೌಡರ್, ಸುಮಾರು 15 ಗ್ರಾಂ, ಕಲಸಿ. ತಿಳಿಯಾಗಲು ಬಿಟ್ಟು ಮೇಲಿನ ನೀರನ್ನು ಮಾತ್ರ ಹಚ್ಚಿ. ಹತ್ತು ಹದಿನೈದು ನಿಮಿಷದ ಮೇಲೆ ಒರೆಸಿ, ಫ್ಯಾನ್ ಹಾಕಿ ಪೂರಾ ಒಣಗಿಸಿ. ಒಣಗಿಸದಿದ್ದರೆ ತೊಳೆದದ್ದೇ ವ್ಯರ್ಥ. ಬ್ಲೀಚಿಂಗ್ ಜೊತೆ ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಅಮೋನಿಯಾ ಇರುವ ಯಾವುದನ್ನೂ ಬೆರೆಸಬೇಡಿ. ಒಂದಾದ ಮೇಲೆ ಒಂದು ಹಚ್ಚುವುದೂ ಬೇಡ. ಅದರಿಂದ ಏಳುವ ಗಾಳಿ ಶ್ವಾಸಕೋಶವನ್ನು ಸುಡುತ್ತದೆ. ಕಿಟಕಿ ಚಿಕ್ಕದಿರುವ ಬಚ್ಚಲಿನಲ್ಲಿ ಇದು ಜೀವಕ್ಕೇ ಅಪಾಯ.

ಮರಕ್ಕೆ ಬ್ಲೀಚಿಂಗ್ ಹಾಕಬೇಡಿ. ಬಣ್ಣ ಕೆಡುತ್ತದೆ, ಬೂಷ್ಟಿನ ಬೇರು ಒಳಗೇ ಉಳಿಯುತ್ತದೆ. ಬೀಟೆ, ತೇಗ, ಹಲಸಿನ ಸಾಮಾನಿಗೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಬಿಳಿ ವಿನೆಗರ್, ಆಮೇಲೆ ಗಾಳಿ. ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆ ತೆಳ್ಳಗೆ ಉಜ್ಜಿ. ಮೇಜಿನ ಅಡಿ, ಮಂಚದ ಹಿಂಬದಿ, ಬೀರುವಿನ ಬೆನ್ನು, ಬೂಷ್ಟು ಶುರುವಾಗುವುದೇ ಎಣ್ಣೆ ಕಾಣದ ಇಂಥ ಜಾಗದಲ್ಲಿ. ಅಗಸೆ ಎಣ್ಣೆ ಉಜ್ಜಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬಾರದು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸಿ ಬಿಸಾಡಿ. ಅಟ್ಟದ ಪಕಾಸಿ, ರೀಪಿಗೆ ಗೇರೆಣ್ಣೆ ಬಳಿಯುವುದು ಹಳೇ ಪದ್ಧತಿ. ಒಳ್ಳೆಯದೇ, ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಬೀರು, ಟ್ರಂಕು, ಕಾಗದಪತ್ರ

ಮೊದಲ ಕೆಲಸ, ಬೀರುವನ್ನು ಪಶ್ಚಿಮದ ಗೋಡೆಯಿಂದ ಒಳಗಿನ ಗೋಡೆಗೆ ಸ್ಥಳಾಂತರ ಮಾಡುವುದು. ಜಾಗ ಇಲ್ಲದಿದ್ದರೆ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಕಾಲಿನಡಿ ಮರದ ತುಂಡು ಕೊಡಿ. ಮರದ ಬೀರುವಾದರೆ ಹಿಂಬದಿಯ ಹಲಗೆಗೆ ಮೇಲೊಂದು ಸಾಲು, ಕೆಳಗೊಂದು ಸಾಲು ಅರ್ಧ ಇಂಚಿನ ತೂತು ಕೊರೆದು, ಒಳಗಿನಿಂದ ಸೊಳ್ಳೆ ಜಾಲರಿ ಹೊಡೆಯಿರಿ. ಕೆಳಗಿಂದ ಗಾಳಿ ಬಂದು ಮೇಲಿಂದ ಹೋಗುತ್ತದೆ. ಒಂದು ಮಧ್ಯಾಹ್ನದ ಕೆಲಸ, ಇಡೀ ಮಳೆಗಾಲಕ್ಕೆ ಲಾಭ.

ಬಟ್ಟೆಯನ್ನು ಒತ್ತೊತ್ತಾಗಿ ತುರುಕಬೇಡಿ. ಮುಕ್ಕಾಲು ಪಾಲು ತುಂಬಿದರೆ ಸಾಕು. ಮಳೆಗಾಲದಲ್ಲಿ ಹಾಕದ ಬಟ್ಟೆಯನ್ನೆಲ್ಲ ಮೇ ಬಿಸಿಲಿಗೆ ಹಾಕಿ, ತಣ್ಣಗಾದ ಮೇಲೆ ಟ್ರಂಕಿಗೆ ಸೇರಿಸಿ. ಬಿಸಿ ಬಿಸಿ ಮಡಚಿ ಮುಚ್ಚಿದರೆ ಒಳಗೇ ಬೆವರುತ್ತದೆ. ರೇಷ್ಮೆ ಸೀರೆ, ಕುಪ್ಯ (ಕೊಡವ ಗಂಡಸರ ಉದ್ದ ಕೋಟು), ಚೇಲೆ (ಅದರ ಸೊಂಟಪಟ್ಟಿ) ಇವಕ್ಕೆ ಪ್ಲಾಸ್ಟಿಕ್ ಕವರ್ ಬೇಡ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಬಿಸಿಲಿಗೆ ಹಾಕದೆ ನೆರಳಿನ ಗಾಳಿಗೆ ಹಿಡಿಯಿರಿ, ಮಡಿಕೆ ಬದಲಾಯಿಸಿ. ಮನೆಯ ಕರಿಮೆಣಸು, ಲವಂಗದ ಗಂಟು ಹುಳಕ್ಕೆ ಒಳ್ಳೆಯದು. ಬೂಷ್ಟನ್ನು ಅದು ತಡೆಯುವುದಿಲ್ಲ. ಬೀರುವಿನೊಳಗೆ ಬಲ್ಬು ಉರಿಸಿಡುವುದನ್ನು ನಿಲ್ಲಿಸಿ. ಎಲ್‌ಇಡಿಯಿಂದ ಸಾಕಷ್ಟು ಶಾಖ ಬರುವುದಿಲ್ಲ, ಹಳೇ ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ.

ತೇವ ಹೀರುವ ಡಬ್ಬಿಯನ್ನು ಮನೆಯಲ್ಲೇ ಮಾಡಬಹುದು. ಒಂದರೊಳಗೆ ಒಂದು ಕೂರುವ ಎರಡು ಪ್ಲಾಸ್ಟಿಕ್ ಡಬ್ಬಿ ಬೇಕು, ಒಳಗಿನದು ಅರ್ಧದಲ್ಲೇ ನಿಲ್ಲಬೇಕು. ಒಳಡಬ್ಬಿಯ ತಳಕ್ಕೆ ಮೊಳೆ ಕಾಯಿಸಿ ಹತ್ತಿಪ್ಪತ್ತು ತೂತು ಮಾಡಿ. ಮೇಲೆ ತೆಳು ಬಟ್ಟೆ ಹಾಸಿ ಕಾಲು ಕಿಲೋ ಕ್ಯಾಲ್ಸಿಯಂ ಕ್ಲೋರೈಡ್ ಹರಳು ಹಾಕಿ. ಬಾಯಿಗೂ ಬಟ್ಟೆ ಕಟ್ಟಿ ಬೀರುವಿನ ಕೆಳಗಿನ ಮೂಲೆಯಲ್ಲಿಡಿ. ಹರಳು ಗಾಳಿಯ ನೀರು ಕುಡಿದು ಕರಗಿ, ಕೆಳಗಿನ ಡಬ್ಬಿಗೆ ಇಳಿಯುತ್ತದೆ. ಆ ಉಪ್ಪುನೀರನ್ನು ಗಿಡಕ್ಕೆ ಹಾಕಬೇಡಿ. ಚರ್ಮ, ಕಬ್ಬಿಣ, ರೇಷ್ಮೆಗೆ ತಾಗಲೂ ಬಾರದು. ಮಕ್ಕಳ ಕೈಗೆ ಸಿಗದ ಹಾಗಿಡಿ. ಮುಚ್ಚಿದ ಬೀರುವಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ತೆರೆದ ಕೋಣೆಗೆ ಸಾಲುವುದಿಲ್ಲ.

ಗಾಳಿಯ ತೇವ ಎಷ್ಟಿದೆ ಎಂದು ತಿಳಿಯಲು ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದರೂ ಆಯಿತು. ಉಪ್ಪು ನೀರು ಬಿಡಲು ಶುರು ಮಾಡುವುದು ಗಾಳಿಯ ತೇವ ಸುಮಾರು 75 ಶೇಕಡ ಮುಟ್ಟಿದಾಗ. ಬೂಷ್ಟಿಗೆ ಅಷ್ಟು ಬೇಕಾದಷ್ಟಾಯಿತು. ಮನೆಯಲ್ಲಿ ಎಳೆ ಮಗು, ಉಬ್ಬಸದವರು ಇದ್ದರೆ ಒಂದು ಚಿಕ್ಕ ಹೈಗ್ರೋಮೀಟರ್ ಕೊಳ್ಳಿ. ಮಲಗುವ ಕೋಣೆಯಲ್ಲಿ 60ರ ಒಳಗೆ ಇಡಲು ನೋಡಿ. ಅದಕ್ಕೆ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್, ಬೇಕಾದೀತು. ಅದನ್ನು ಹಾಕಿದಾಗ ಕಿಟಕಿ ಮುಚ್ಚಿರಬೇಕು.

ಜಾಗದ ದಾಖಲೆ, ಪಾಸ್‌ಬುಕ್ಕು, ಮಾರ್ಕ್ಸ್‌ಕಾರ್ಡು ಎಲ್ಲ ಒಣಗಿದ ದಿನವೇ ಜಿಪ್ ಕವರಿಗೆ ಸೇರಲಿ, ಜೊತೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಕಬ್ಬಿಣದ ಪೆಟ್ಟಿಗೆ ನೆಲದ ಮೇಲಿಡಬೇಡಿ. ಫೋನಿನಲ್ಲಿ ಎಲ್ಲದರ ಫೋಟೋ ತೆಗೆದು ಬೇರೆ ಊರಿನಲ್ಲಿರುವ ಮಕ್ಕಳಿಗೂ ಕಳಿಸಿಡಿ.

ಒದ್ದೆ ಬಟ್ಟೆ

ತೇವದ ದೊಡ್ಡ ಮೂಲ ಇದು. ಮೆಷಿನ್ನಿನಿಂದ ತೆಗೆದ ಒಂದು ಸಲದ ಬಟ್ಟೆಯಲ್ಲಿ ಎರಡು ಲೀಟರ್ ಹತ್ತಿರ ನೀರಿರುತ್ತದೆ. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಹರವಿದರೆ ಆ ನೀರೆಲ್ಲ ಹಾಸಿಗೆಗೆ, ಗೋಡೆಗೆ ಹೋಗುತ್ತದೆ. ಬಟ್ಟೆಗೆ ಅಂತಲೇ ಒಂದು ಜಾಗ ಗೊತ್ತು ಮಾಡಿ. ಬಚ್ಚಲೊಲೆ ಇರುವ ಮನೆಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಅಲ್ಲಿ ಎತ್ತಿ ಇಳಿಸುವ ಬಿದಿರಿನ ಚೌಕಟ್ಟು ಕಟ್ಟಬಹುದು. ಆರು ಅಡಿಯ ನಾಲ್ಕು ಬಿದಿರಿನ ಗಳ ತೆಗೆದುಕೊಂಡು ಸಾಲಾಗಿ, ಗಳಕ್ಕೂ ಗಳಕ್ಕೂ ಒಂದು ಗೇಣು ಬಿಟ್ಟಿಡಿ. ಎರಡೂ ತುದಿಗೆ ಅಡ್ಡ ಪಟ್ಟಿ ಹಾಕಿ ನೈಲಾನ್ ಹಗ್ಗದಲ್ಲಿ ಬಿಗಿಯಿರಿ. ಮೇಲಿನ ತೊಲೆಗೆ ಎರಡು ರಾಟೆ ತಿರುಪಿ, ಹಗ್ಗವನ್ನು ಅದರ ಮೂಲಕ ಎಳೆದು ಗೋಡೆಯ ಕೊಕ್ಕೆಗೆ ಸುತ್ತಿ. ಇಳಿಸಿ ಬಟ್ಟೆ ಹರವುವುದು, ಎತ್ತಿ ಕಟ್ಟುವುದು. ಬಿಸಿಗಾಳಿ ಮೇಲೇ ಇರುವುದರಿಂದ ಬೇಗ ಒಣಗುತ್ತದೆ. ಒಲೆಯ ಬಾಯಿಯ ನೇರಕ್ಕೆ ಬೇಡ, ಪಕ್ಕಕ್ಕಿರಲಿ. ಹಗ್ಗ ಹರಿದರೂ ಬಟ್ಟೆ ಬೆಂಕಿಗೆ ಬೀಳಬಾರದು. ಮೇಲ್ಗಡೆ ಒಂದು ಗವಾಕ್ಷಿಯೋ ಎಕ್ಸಾಸ್ಟ್ ಫ್ಯಾನೋ ಇಲ್ಲದಿದ್ದರೆ ಹಬೆ ಮನೆಯೊಳಗೇ ಸುತ್ತುತ್ತದೆ.

ಕೋಣೆ ಬೆಚ್ಚಗಾಗಲಿ ಅಂತ ಕೆಂಡದ ಬಾಣಲೆ ಇಟ್ಟು ಬಾಗಿಲು ಹಾಕಿ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಬಾಗಿಲ ಬಳಿ

ಕೆಸರು, ಕೊಡೆ, ರೈನ್‌ಕೋಟು, ಗಮ್‌ಬೂಟು, ಜಿಗಣೆ, ಎಲ್ಲ ಇಲ್ಲೇ ನಿಲ್ಲಬೇಕು. ಜಗುಲಿಯಲ್ಲಿ ಕೊಡೆಗೆ ಒಂದು ಹಳೇ ಬಕೆಟ್, ತಳಕ್ಕೆ ಎರಡು ತೂತು. ರೈನ್‌ಕೋಟಿಗೆ ಮೊಳೆಯ ಸಾಲು, ಒಂದಕ್ಕೊಂದು ತಾಗದಂತೆ. ಬೂಟನ್ನು ತಲೆಕೆಳಗಾಗಿ ಗೂಟಕ್ಕೆ ಹಾಕಿದರೆ ಒಳಗೆ ನೀರೂ ನಿಲ್ಲುವುದಿಲ್ಲ, ಹಾವು ಚೇಳೂ ಸೇರುವುದಿಲ್ಲ. ಚರ್ಮದ ಚಪ್ಪಲಿಯೊಳಗೆ ಪೇಪರ್ ಉಂಡೆ ತುರುಕಿ, ದಿನಾ ಬದಲಾಯಿಸಿ.

ಮಳೆ ನಡುವೆ

ಮಂಜು ಮುಸುಕಿದ ಸಂಜೆ ಕಿಟಕಿ ಮುಚ್ಚಿ. ಮಧ್ಯಾಹ್ನ ಒಂದು ಗಂಟೆ ಹೊಳವಾದರೂ ಸರಿ, ಎದುರುಬದುರು ಕಿಟಕಿ, ಬೀರುವಿನ ಬಾಗಿಲು ಎಲ್ಲ ತೆರೆದು ಫ್ಯಾನ್ ಹಾಕಿ. ಕರೆಂಟ್ ದಿನಗಟ್ಟಲೆ ಹೋಗುವ ಊರಲ್ಲಿ ಫ್ಯಾನ್ ನಂಬಿ ಕೂರುವ ಹಾಗಿಲ್ಲ, ಗಾಳಿ ಓಡಾಡುವ ದಾರಿಯೇ ಗಟ್ಟಿ. ವಾರಕ್ಕೊಮ್ಮೆ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ ತಳಕ್ಕೆ ಗಾಳಿ ಕೊಡಿ. ಅನ್ನ ಬೇಯುವಾಗ ಪಾತ್ರೆಗೆ ಮುಚ್ಚಳ ಹಾಕಿ.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೋಳ್ದ್ ಹೊತ್ತಿಗೆ ಕೋವಿ, ಕತ್ತಿ, ಗದ್ದೆ ಸಾಮಾನೆಲ್ಲ ಹೊರಗೆ ಬಂದು ಎಣ್ಣೆ ಕಾಣುತ್ತದೆ. ಅದೇ ವಾರ ಮನೆಯ ಚಿಲಕ, ತಿರುಗಣೆ, ಬೀಗ, ಹೊಲಿಗೆ ಮೆಷಿನ್ನಿಗೂ ಒಂದೊಂದು ಹನಿ ಬಿಡಿ. ಅಲ್ಯೂಮಿನಿಯಂ ಹಾಳೆಯ ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಮಾಡಿ. ಒಳಮೈ ಒಣಗಿದ್ದರೆ ಜನವರಿ, ಫೆಬ್ರವರಿಯಲ್ಲಿ ಬಣ್ಣದವರನ್ನು ಕರೆಯಬಹುದು. ಇನ್ನೂ ಒದ್ದೆ ಇದ್ದರೆ ಬಣ್ಣ ಮುಂದೂಡಿ, ಹೊರಗಿನ ಚರಂಡಿಯನ್ನೂ ಕಿಟಕಿಯ ಸಂದಿಯನ್ನೂ ಮತ್ತೊಮ್ಮೆ ನೋಡಿ.